ತಾಯಿ ಕಾರ್ಡಿನಲ್ಲಿ ಬರೆಯಬೇಕಾದ ಎರಡು ಪ್ಯಾಕೆಟ್

(ಗುರುತು ಸಿಗುವ ವಿವರಗಳನ್ನು ಬದಲಿಸಿದೆ.)

ಚಳ್ಳಕೆರೆ ಕಡೆಯ ಕೂಲಿ ಹೆಣ್ಣುಮಗಳು, ವಯಸ್ಸು 26, ಎರಡನೇ ಬಸುರಿ, 11ನೇ ವಾರ. ಕುಡಿತದ ಬಗ್ಗೆ ಕೇಳಿದ್ದಕ್ಕೆ ಜೊತೆಗಿದ್ದ ಅತ್ತೆಯೇ "ಛೇ, ಇಲ್ಲ ಮೇಡಂ" ಎಂದರು. ಅತ್ತೆಯನ್ನು ಹೊರಗೆ ಕೂರಿಸಿ, "ಶೇಂಗಾ ಕಿತ್ತು ಬಂದಮೇಲೆ ಮೈಕೈ ನೋವಿಗೆ ಏನು ತಗೊಳ್ತೀಯಮ್ಮ?" ಎಂದಾಗ ಬಾಯಿ ಬಿಟ್ಟರು: "ದಿನಾ ರಾತ್ರಿ ಎರಡು ಪ್ಯಾಕೆಟ್. ನಮ್ಮನೆಯವರೇ ತರ್ತಾರೆ." ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಆದರೂ ತುಳುಕುತ್ತಿತ್ತು.

90 ಮಿ.ಲೀ. ಮದ್ಯದ ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ, ಎರಡಕ್ಕೆ 60. ಇದು ಮಗುವಿಗೆ ಹೋಗದಂತೆ ಮಾಸು ತಡೆಯುವುದಿಲ್ಲ. ಬಸುರಿಯಲ್ಲಿ ಇಷ್ಟು ಕುಡಿದರೆ ತೊಂದರೆಯಿಲ್ಲ ಎನ್ನುವ ಅಳತೆಯೇ ಇಲ್ಲ. ಹಾಗಂತ ಕುಡಿತಕ್ಕೆ ಮೈ ಒಗ್ಗಿ ಕೈ ನಡುಗುವವರಿಗೆ "ಇವತ್ತೇ ಬಿಡು" ಎನ್ನುವುದು ಅಪಾಯ: ನಿಲ್ಲಿಸಿದ ಎರಡು ದಿನದೊಳಗೆ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರಿಗೂ ಕಷ್ಟ. ಮನೋವೈದ್ಯರು, ಹೆರಿಗೆ ವೈದ್ಯರು ಇಬ್ಬರೂ ಇರುವ ಕಡೆ ದಾಖಲಾಗಿ, ಥಯಾಮಿನ್ (ವಿಟಮಿನ್ ಬಿ1) ಸಮೇತ ಔಷಧ ಪಡೆದೇ ಬಿಡುವಂತೆ ಹೇಳಲಾಯಿತು. "ಬಿಡಿಸೋ ಮಾತ್ರೆ ಸಾರಲ್ಲಿ ಕಲಸಿ ಹಾಕ್ಲಾ?" ಎಂದು ಗಂಡ ಕೇಳಿದರು. ಕೂಡದು. ಬಸುರಿಗೆ ಡೈಸಲ್ಫಿರಾಮ್ ಎಂಬ ಈ ಮಾತ್ರೆ ಕೊಡುವಂತಿಲ್ಲ. ಹೇಳದೆ ಕೊಡುವುದಂತೂ ಯಾರಿಗೂ ಸಲ್ಲದು. ಅವರು ಮಾಡಬೇಕಾದ್ದು ಮನೆಗೆ ಪ್ಯಾಕೆಟ್ ತರದಿರುವುದು, ತಾವೂ ಮನೆಯಲ್ಲಿ ಕುಡಿಯದಿರುವುದು. ನೋವಿಗೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ ಡೈಕ್ಲೋಫೆನಾಕ್ ಬೇಡ.

"ಮೂರು ತಿಂಗಳು ಆಗೋಯ್ತಲ್ಲ, ಇನ್ನೇನು ಬಿಟ್ಟು?" ಎಂದರು ಆಕೆ. ಮಗುವಿನ ಮಿದುಳು ಒಂಬತ್ತೂ ತಿಂಗಳು ಬೆಳೆಯುತ್ತದೆ. ಯಾವ ವಾರ ಬಿಟ್ಟರೂ ಲಾಭವೇ.

ಬಸುರಿಯಲ್ಲಿ ತಾಯಿ ಕುಡಿದದ್ದರಿಂದ ಮಗುವಿಗೆ ಆಗುವ ಹಾನಿಗೆ ಫೀಟಲ್ ಆಲ್ಕೋಹಾಲ್ ತೊಂದರೆ ಎನ್ನುತ್ತಾರೆ. ಸ್ಕ್ಯಾನಿಂಗ್ ನಾರ್ಮಲ್ ಬಂದರೂ ಈ ತೊಂದರೆ ಇಲ್ಲವೆಂದಲ್ಲ. 1973ರಲ್ಲಿ ಸಿಯಾಟಲ್‌ನ ವೈದ್ಯರಾದ ಜೋನ್ಸ್ ಮತ್ತು ಸ್ಮಿತ್ ವಿವರಿಸಿದ ಮುಖಲಕ್ಷಣಗಳು, ಅಂದರೆ ಕಿರಿದಾದ ಕಣ್ಣು, ಗೆರೆಯಿಲ್ಲದೆ ನುಣುಪಾದ ಮೂಗು-ತುಟಿಯ ನಡುವಿನ ಜಾಗ, ತೆಳು ಮೇಲ್ದುಟಿ, ಬಹಳಷ್ಟು ಮಕ್ಕಳಲ್ಲಿ ಕಾಣುವುದೇ ಇಲ್ಲ. ಆಗ ರೋಗನಿರ್ಣಯಕ್ಕೆ ಆಧಾರ ಬಸುರಿಯಲ್ಲಿ ಕುಡಿದ ದಾಖಲೆ. ಅದಿಲ್ಲದ ಮಗು ಶಾಲೆಯಲ್ಲಿ "ಮೊಂಡ" ಎನಿಸಿಕೊಳ್ಳುತ್ತದೆ, ಯಾವ ಸಂಶೋಧನೆಯ ಲೆಕ್ಕಕ್ಕೂ ಸಿಗುವುದಿಲ್ಲ. ತಾಯಿ ಕಾರ್ಡಿನಲ್ಲಿ "ಮದ್ಯ: ಹೌದು" ಎಂದಷ್ಟೇ ಬರೆದರೆ ಏನೂ ಪ್ರಯೋಜನವಿಲ್ಲ. ಆಕೆಯ ಒಪ್ಪಿಗೆ ಪಡೆದು ಎಷ್ಟು ಮಿ.ಲೀ., ವಾರಕ್ಕೆ ಎಷ್ಟು ದಿನ, ಎಷ್ಟನೇ ವಾರದವರೆಗೆ ಎಂದು ಬರೆಸಲಾಯಿತು.

ಮೊದಲ ಮಗ ಒಂದನೇ ಕ್ಲಾಸು. ಆ ಬಸುರಿಯಲ್ಲೂ ಕುಡಿದಿದ್ದರಂತೆ. ಹೇಳಿದ್ದು ಹುಡುಗನಿಗೆ ಮರುಗಳಿಗೆ ನೆನಪಿರುವುದಿಲ್ಲ. ಬೈಯದೆ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮುಗಿದ ಮೇಲೆ ಮುಂದಿನದು ಹೇಳಲು ಟೀಚರಿಗೆ ತಿಳಿಸಿದೆ. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಸರ್ಕಾರಿ ಆರ್‌ಬಿಎಸ್‌ಕೆ ತಂಡಕ್ಕೆ ಅವನ ಹೆಸರು ಕೊಡಲಾಗಿದೆ.