ಚೆಂಡು ಕೈಯಲ್ಲಿಲ್ಲದ ಹೊತ್ತು: ಶಿರಸಿಯ ಇಬ್ಬರು ಬ್ಯಾಸ್ಕೆಟ್‌ಬಾಲ್ ಆಟಗಾರರ ಪ್ರಕರಣ

ಈ ಪ್ರಕರಣವನ್ನು ಬರೆಯುವುದಕ್ಕೆ ಇಬ್ಬರು ಹುಡುಗರೂ ಅವರ ಮನೆಯವರೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಹತ್ತಬಾರದೆಂದು ಕಾಲೇಜು, ಹಳ್ಳಿ, ಮನೆತನದ ವಿವರಗಳಲ್ಲಿ ಕೆಲವನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಹೆಸರಿನ ಬದಲು ಅಂಗಿಯ ನಂಬರಿನಿಂದ ಕರೆಯುತ್ತೇನೆ. ಆ ನಂಬರುಗಳೂ ಅವರವಲ್ಲ. ಏಳನೇ ನಂಬರಿನವನು ಶಿರಸಿ ಕಡೆಯ ಅಡಿಕೆ ತೋಟದ ಮನೆಯವನು, ಆಗ ಪದವಿಯ ಕೊನೆಯ ವರ್ಷದಲ್ಲಿದ್ದ. ಹನ್ನೊಂದನೇ ನಂಬರಿನವನು ಕಾರವಾರದ ಮೀನುಗಾರ ಕುಟುಂಬದವನು, ಅವನಿಗಿಂತ ಒಂದು ವರ್ಷ ಕಿರಿಯ, ಶಿರಸಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ.

ಜೂನ್ ಕೊನೆಯಲ್ಲಿ ಅವರ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಸಲಹೆ ಕೇಳಿಕೊಂಡು ನನ್ನಲ್ಲಿಗೆ ಬಂದರು. ಸುತ್ತಮುತ್ತಲ ಕಾಲೇಜುಗಳಲ್ಲಿ ಒಳ್ಳೆಯ ಬ್ಯಾಸ್ಕೆಟ್‌ಬಾಲ್ ಆಡುವವರು ಯಾರೆಂದು ಕೇಳಿದರೆ ಮೊದಲು ಬರುವ ಎರಡು ಹೆಸರೂ ತಮ್ಮ ತಂಡದಲ್ಲೇ ಇವೆ, ಆದರೂ ಹಿಂದಿನ ವರ್ಷದ ಝೋನಲ್‌ನಲ್ಲಿ, ಅಂದರೆ ವಲಯ ಮಟ್ಟದ ಪಂದ್ಯಾವಳಿಯಲ್ಲಿ, ತಮಗಿಂತ ಸಾಧಾರಣವಾದ ತಂಡದೆದುರು ಸೋತೆವು ಎಂಬುದು ಅವರ ಸಂಕಟವಾಗಿತ್ತು. “ಮೇಡಂ, ಒಬ್ಬೊಬ್ಬನೇ ಆಡಿದ್ರೆ ಇಬ್ರೂ ಹುಲಿಗಳು. ಒಟ್ಟಿಗೆ ಬಿಟ್ರೆ ಒಬ್ಬನ ಕಣ್ಣಿಗೆ ಇನ್ನೊಬ್ಬ ಕಾಣೋದೇ ಇಲ್ಲ. ಅಹಂಕಾರ, ಮತ್ತೇನಲ್ಲ,” ಎಂದರು. ಹನ್ನೊಂದನೆಯವನು ಮೊದಮೊದಲು ಏಳನೆಯವನನ್ನು ‘ಅಣ್ಣ’ ಎನ್ನುತ್ತಿದ್ದ, ಈಗ ಏನೆಂದೂ ಕರೆಯುವುದಿಲ್ಲ ಎಂಬ ಮಾತನ್ನು ಅವರು ಹೊರಡುವಾಗ ಹೇಳಿದರು. ನಾನು ಮೊದಲು ಬರೆದಿಟ್ಟುಕೊಂಡದ್ದು ಅದನ್ನೇ.

ಮೊದಲ ಹೆಜ್ಜೆಯಲ್ಲಿ ನಾನೇ ತಪ್ಪಿದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸಿದರೆ ಗಂಟು ಬೇಗ ಬಿಚ್ಚೀತು ಎಂದು ಒಂದೇ ಸಮಯಕ್ಕೆ ಕರೆದೆ. ಮುಕ್ಕಾಲು ಗಂಟೆ ಇಬ್ಬರೂ ಬಹಳ ಮರ್ಯಾದೆಯಿಂದ ಕೂತರು, ನಾನು ಕೇಳಿದ್ದಕ್ಕೆಲ್ಲ “ಹಾಗೇನೂ ಇಲ್ಲ ಮೇಡಂ, ಅವನು ಚೆನ್ನಾಗೇ ಆಡ್ತಾನೆ” ಎಂದರು, ಮತ್ತು ಬೇರೆಬೇರೆ ದಾರಿ ಹಿಡಿದು ಹೋದರು. ಒಬ್ಬೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆ ಎದುರುಬದುರು ಕೂರಿಸಿದರೆ ಹುಡುಗರು ತಮ್ಮ ಮಾನ ಕಾಯ್ದುಕೊಳ್ಳುವುದರಲ್ಲೇ ಇರುತ್ತಾರೆ. ಮುಂದಿನ ಎರಡು ವಾರ ಪ್ರತ್ಯೇಕವಾಗಿಯೇ ಕಂಡೆ.

ಏಳನೆಯವನಿಗೆ ಅದು ಕೊನೆಯ ಅವಕಾಶ. ಆಟ ಸಾಕು, ತೋಟ ನೋಡಿಕೊಂಡು ಬ್ಯಾಂಕಿನ ಪರೀಕ್ಷೆ ಕಟ್ಟು ಎಂದು ಮನೆಯಲ್ಲಿ ಅಪ್ಪ ಹೇಳುತ್ತಿದ್ದರು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ‘ಬ್ಲೂ’ (ವಿಶ್ವವಿದ್ಯಾಲಯದ ಆಟಗಾರನೆಂಬ ಮನ್ನಣೆ ಪಡೆದವನು) ಆದರೆ ಮಾತ್ರ ದೈಹಿಕ ಶಿಕ್ಷಣದ ಕೋರ್ಸಿಗೆ ಕಳಿಸಿ ಎಂದು ಅವರೆದುರು ಬಾಯಿಬಿಟ್ಟು ಕೇಳಬಹುದಿತ್ತು, ಮತ್ತು ಆಯ್ಕೆ ಮಾಡುವವರ ಕಣ್ಣಿಗೆ ಬೀಳುವುದು ಪಾಯಿಂಟ್ ಹೊಡೆದವನೇ ಎಂದು ಅವನು ನಂಬಿದ್ದ. ಹನ್ನೊಂದನೆಯವನ ಚಿಂತೆ ಬೇರೆ. ಅವನ ಕಾಲೇಜು ಶುಲ್ಕ ಆಟದ ಕಾರಣಕ್ಕೆ ಮಾಫಿಯಾಗಿತ್ತು. “ನನ್ನ ಪಾಯಿಂಟ್ ಕಡಿಮೆ ಆದ್ರೆ ಮುಂದಿನ ವರ್ಷ ಫೀ ಯಾರು ಕಟ್ತಾರೆ ಮೇಡಂ?” ಎಂದು ಕೇಳಿದಾಗ ಅವನ ದನಿ ಇಳಿದುಹೋಗಿತ್ತು. ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಆಗುವುದಿಲ್ಲ ಎಂದೂ ಯಾರೂ ಹೇಳಿರಲಿಲ್ಲ.

ಇದನ್ನು ಅಹಂಕಾರ ಎಂದು ಕರೆಯಲು ನನಗೆ ಮನಸ್ಸಾಗಲಿಲ್ಲ, ಈಗಲೂ ಆಗುವುದಿಲ್ಲ. ಚೆಂಡು ಬಿಟ್ಟುಕೊಡಲಾರದ ಹುಡುಗನನ್ನು ಕಂಡಾಗ ದೊಡ್ಡವರು ಗುಣದೋಷದ ಮಾತಿಗೆ ಬೇಗ ಇಳಿಯುತ್ತೇವೆ. ಚೆಂಡು ಬಿಟ್ಟರೆ ತನಗೇನು ಹೋಗುತ್ತದೆ ಎಂದು ಅವನು ಎಣಿಸಿದ್ದಾನೆ ಎಂಬುದನ್ನು ಕೇಳುವುದಿಲ್ಲ. ಇಬ್ಬರ ಅನುಮತಿ ಪಡೆದು ನಾನು ನಿರ್ದೇಶಕರೊಡನೆ ಮಾತನಾಡಿದೆ. ಶುಲ್ಕದ ಮಾಫಿ ಪಾಯಿಂಟಿನ ಲೆಕ್ಕಕ್ಕೆ ಸೇರಿದ್ದಲ್ಲ, ಅಭ್ಯಾಸಕ್ಕೆ ಬರುವುದು ಮತ್ತು ಪರೀಕ್ಷೆಯಲ್ಲಿ ಪಾಸಾಗುವುದು ಎರಡೇ ಷರತ್ತು ಎಂದು ಅವರು ಹನ್ನೊಂದನೆಯವನನ್ನು ಕರೆದು ಸ್ಪಷ್ಟವಾಗಿ ಹೇಳಿದರು. ಈ ಪ್ರಕರಣದಲ್ಲಿ ನಡೆದ ಕೆಲಸಗಳಲ್ಲೆಲ್ಲ ಹೆಚ್ಚು ಫಲ ಕೊಟ್ಟದ್ದು ಬಹುಶಃ ಆ ಐದು ನಿಮಿಷದ ಮಾತು.

ಆಟದ ಲೆಕ್ಕ ಇಡುವ ಕ್ರಮವನ್ನೂ ಇಲ್ಲಿ ಹೇಳಬೇಕು. ಪಂದ್ಯದ ಅಧಿಕೃತ ಸ್ಕೋರ್‌ಶೀಟಿನಲ್ಲಿ ಯಾರು ಎಷ್ಟು ಪಾಯಿಂಟ್ ಹೊಡೆದರು, ಯಾರಿಗೆ ಎಷ್ಟು ಫೌಲ್ ಆಯಿತು ಎಂಬುದು ದಾಖಲಾಗುತ್ತದೆಯೇ ಹೊರತು ಪಾಸ್ ಕೊಟ್ಟವನಿಗೆ ಅದರಲ್ಲಿ ಜಾಗವಿಲ್ಲ. ದೊಡ್ಡ ಲೀಗುಗಳಲ್ಲಿ ಅಸಿಸ್ಟ್ (ಬುಟ್ಟಿಗೆ ದಾರಿಯಾದ ಪಾಸ್), ರಿಬೌಂಡುಗಳನ್ನು (ಗುರಿ ತಪ್ಪಿದ ಚೆಂಡನ್ನು ಹಿಡಿದದ್ದು) ಬೇರೆಯಾಗಿ ಎಣಿಸುವವರು ಇರುತ್ತಾರೆ. ನಮ್ಮ ಕಾಲೇಜು ಪಂದ್ಯಗಳಲ್ಲಿ ಇರುವುದಿಲ್ಲ. ಪಂದ್ಯ ಮುಗಿದ ಮೇಲೆ ಹುಡುಗರು ಓಡಿಹೋಗಿ ಬಗ್ಗಿ ನೋಡುವುದು ಆ ಒಂದು ಹಾಳೆಯನ್ನು. ಒಬ್ಬ ಇನ್ನೊಬ್ಬನಿಗಾಗಿ ಮಾಡಿದ್ದು ಎಲ್ಲಿಯೂ ಬರೆದಿರದಿದ್ದಾಗ ಅದನ್ನು ಮಾಡುತ್ತಲೇ ಇರು ಎಂದು ಹೇಳುವುದು ಬರೀ ಬೋಧನೆಯಾಗುತ್ತದೆ. ಆದ್ದರಿಂದ ಎರಡನೇ ಒಂದು ನೋಟ್‌ಪುಸ್ತಕ ಇಡಲು ಸೂಚಿಸಿದೆ. ಬುಟ್ಟಿಗೆ ಬಿದ್ದ ಚೆಂಡು ಯಾರ ಪಾಸಿನಿಂದ ಬಂತು, ಯಾರ ಸ್ಕ್ರೀನಿನಿಂದ, ಅಂದರೆ ಎದುರಾಳಿಗೆ ಅಡ್ಡ ನಿಂತದ್ದರಿಂದ, ದಾರಿ ತೆರೆಯಿತು ಎಂದು ಜೂನಿಯರ್ ಹುಡುಗನೊಬ್ಬ ಅದರಲ್ಲಿ ಬರೆಯತೊಡಗಿದ.

ಮೂರನೇ ವಾರ ಇಬ್ಬರನ್ನೂ ಮತ್ತೆ ಒಟ್ಟಿಗೆ ಕರೆದೆ. ಈ ಸಲ ಮಾತಿಗಲ್ಲ, ಹಿಂದಿನ ವರ್ಷ ಸೋತ ಪಂದ್ಯದ ವಿಡಿಯೊ ನೋಡುವುದಕ್ಕೆ. ಗೆಳೆಯನೊಬ್ಬ ಮೊಬೈಲಿನಲ್ಲಿ ತೆಗೆದದ್ದು, ಆಗಾಗ ಅಲುಗುತ್ತಿತ್ತು. ನನ್ನ ನಿಯಮ ಒಂದೇ: ತನ್ನ ಕೈಯಲ್ಲಿ ಚೆಂಡು ಇಲ್ಲದಿರುವಾಗ ತಾನು ಏನು ಮಾಡುತ್ತಿದ್ದೇನೆ ಎಂಬುದನ್ನು ಮಾತ್ರ ಪ್ರತಿಯೊಬ್ಬನೂ ನೋಡಬೇಕು, ಇನ್ನೊಬ್ಬನ ಬಗ್ಗೆ ಒಂದು ಮಾತನ್ನೂ ಆಡಬಾರದು. ಕೊನೆಯ ಕ್ವಾರ್ಟರಿನ ಹತ್ತು ನಿಮಿಷದ ಆಟವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಏಳನೆಯವನು ಇಬ್ಬರು ಎದುರಾಳಿಗಳ ನಡುವೆ ನುಗ್ಗುತ್ತಿದ್ದಾನೆ. ಎಡಮೂಲೆಯಲ್ಲಿ ಹನ್ನೊಂದನೆಯವನು ಸೊಂಟದ ಮೇಲೆ ಎರಡೂ ಕೈಯಿಟ್ಟು ನಿಂತಿದ್ದಾನೆ. ಒಂದು ನಿಮಿಷದ ನಂತರ ಹನ್ನೊಂದನೆಯವನು ರಿಂಗಿನ ಕೆಳಗೆ ಮೂವರ ನಡುವೆ ತಿಣುಕುತ್ತಿದ್ದಾನೆ. ಮಧ್ಯದ ಗೆರೆಯ ಹತ್ತಿರ ಏಳನೆಯವನು ನಿಂತಿದ್ದಾನೆ, ಅವನ ಕೈಯೂ ಸೊಂಟದ ಮೇಲೆ. ತಾನು ಹೀಗೆ ಸುಮ್ಮನೆ ನಿಂತದ್ದು ಒಂಬತ್ತು ಸಲ ಎಂದು ಏಳನೆಯವನು ಎಣಿಸಿದ, ಹನ್ನೊಂದನೆಯವನದು ಏಳು ಸಲ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಏಳನೆಯವನು, “ನನ್ನ ಹತ್ರ ಚೆಂಡಿಲ್ಲದಾಗ ಏನು ಮಾಡಬೇಕು ಅಂತ ನಂಗೆ ಯಾರೂ ಕಲಿಸಿಲ್ಲ,” ಎಂದ. ಹೈಸ್ಕೂಲಿನಿಂದಲೂ ತಂಡದ ಒಳ್ಳೆಯ ಆಟಗಾರ ಅವನೇ ಆಗಿದ್ದ, ಚೆಂಡು ಯಾವಾಗಲೂ ಅವನಲ್ಲಿಗೇ ಬರುತ್ತಿತ್ತು. ಹನ್ನೊಂದನೆಯವನದೂ ಅದೇ ಕಥೆ.

ತೊಡಕು ಇದ್ದದ್ದು ಇಲ್ಲಿ. ದಾಳಿಗೆ 24 ಸೆಕೆಂಡು ಮಾತ್ರ ಸಿಗುವ ಆಟದಲ್ಲಿ ಐವರಿಗೂ ಸೇರಿ ಒಂದೇ ಚೆಂಡು. ಎಂಥ ದೊಡ್ಡ ಆಟಗಾರನಾದರೂ ಪಂದ್ಯದ ಹೆಚ್ಚಿನ ಹೊತ್ತು ಚೆಂಡಿಲ್ಲದೆಯೇ ಓಡುತ್ತಿರುತ್ತಾನೆ. ಒಬ್ಬ ಒಳ್ಳೆಯ ಆಟಗಾರ ಸುಮ್ಮನೆ ನಿಂತುಬಿಟ್ಟರೆ ಅವನನ್ನು ಕಾಯುವ ಎದುರಾಳಿ ನಿಶ್ಚಿಂತೆಯಿಂದ ಅವನನ್ನು ಬಿಟ್ಟು ಇನ್ನೊಬ್ಬನ ಮೇಲೆ ಬೀಳುತ್ತಾನೆ. ಅದೇ ಅವನು ಬಂದು ಗೆಳೆಯನ ಎದುರಾಳಿಗೆ ಅಡ್ಡ ನಿಂತು ಸ್ಕ್ರೀನ್ ಕೊಟ್ಟು, ತಕ್ಷಣ ರಿಂಗಿನ ಕಡೆ ತಿರುಗಿ ಓಡಿದರೆ, ಎದುರು ತಂಡ ಇಬ್ಬರಲ್ಲಿ ಒಬ್ಬನನ್ನು ಬಿಡಲೇಬೇಕಾಗುತ್ತದೆ. ಯಾರನ್ನು ಬಿಟ್ಟರೂ ಕಷ್ಟವೇ. ಈ ಲಾಭ ಸಿಗುವುದು ಇಬ್ಬರೂ ಹೆದರಿಕೆ ಹುಟ್ಟಿಸುವಂಥ ಆಟಗಾರರಾಗಿದ್ದಾಗ ಎಂದು ನಿರ್ದೇಶಕರು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದರು. ಆ ದಿನ ಹುಡುಗರ ಮುಖದಲ್ಲಿ ನಾನು ಕಂಡದ್ದು ತಮ್ಮ ಶಕ್ತಿಯೇ ಹೀಗೂ ಬಳಕೆಗೆ ಬರುತ್ತದಲ್ಲ ಎಂಬ ಬೆರಗು.

ಶಿರಸಿಯ ಮಳೆ ನಮಗೆ ಅನುಕೂಲವಾಗಿಯೇ ಬಂತು. ಜುಲೈ ತಿಂಗಳಲ್ಲಿ ಸಿಮೆಂಟಿನ ಅಂಕಣ ಪಾಚಿ ಕಟ್ಟಿ ಕಾಲಿಟ್ಟರೆ ಜಾರುತ್ತಿತ್ತು, ಅಭ್ಯಾಸ ಸಭಾಭವನಕ್ಕೆ ಹೋಯಿತು. ಪಕ್ಕದ ಕೋಣೆಗಳಲ್ಲಿ ತರಗತಿ ನಡೆಯುತ್ತಿದ್ದುದರಿಂದ ಅಲ್ಲಿ ಚೆಂಡು ಪುಟಿಸುವಂತಿರಲಿಲ್ಲ. ಡ್ರಿಬಲ್ ಇಲ್ಲ, ರಿಂಗ್ ಇಲ್ಲ. ಪಾಸ್ ಮಾಡುವುದು, ಓಡುವುದು, ಮತ್ತೆ ಪಾಸ್ ಪಡೆಯುವುದು, ಇಷ್ಟೇ. ಮೂವರ ಮೇಲೆ ಮೂವರು ಆಡಿ, ಗೋಡೆಗೆ ಅಂಟಿಸಿದ ಕಾಗದಕ್ಕೆ ಚೆಂಡು ಮುಟ್ಟಿಸಿದರೆ ಒಂದು ಪಾಯಿಂಟ್, ಇವರಿಬ್ಬರಲ್ಲಿ ಒಬ್ಬನ ಪಾಸಿನಿಂದ ಇನ್ನೊಬ್ಬ ಮುಟ್ಟಿಸಿದರೆ ಎರಡು ಎಂದು ನಿರ್ದೇಶಕರು ನಿಯಮ ಮಾಡಿದರು. ಡ್ರಿಬಲ್ ಇಲ್ಲದಿದ್ದಾಗ ಚೆಂಡು ಕೈಗೆ ಬಂದವನು ಕಣ್ಣೆತ್ತಿ ಜೊತೆಗಾರನನ್ನು ಹುಡುಕಲೇಬೇಕು. ಆರು ವಾರ ಹೀಗೆ ನಡೆಯಿತು.

ಮಾತೂ ಬೇಕಾಗಿತ್ತು. ಅಂಕಣದಲ್ಲಿ ಉದ್ದದ ಮಾತಿಗೆ ಹೊತ್ತಿಲ್ಲ, ಬೈಗುಳಕ್ಕೆ ಮಾತ್ರ ಹೊತ್ತು ಸಿಗುತ್ತದೆ. ಎರಡೋ ಮೂರೋ ಚಿಕ್ಕ ಶಬ್ದಗಳನ್ನು ನೀವೇ ಗೊತ್ತುಮಾಡಿಕೊಳ್ಳಿ ಎಂದೆ. ಹನ್ನೊಂದನೆಯವನ ಮನೆಮಾತು ಕೊಂಕಣಿ. ಪಾಸ್ ಬರುತ್ತಿದೆ, ತಗೋ ಎನ್ನುವುದಕ್ಕೆ ‘ಘೆ’ ಎಂಬ ಅವನ ಶಬ್ದವೇ ನಿಂತಿತು. ಸ್ಕ್ರೀನಿಗೆ ಬರುತ್ತಿದ್ದೇನೆ ಎನ್ನುವುದಕ್ಕೆ ಏಳನೆಯವನು ‘ಗೋಡೆ’ ಎಂದ. ಕರಾವಳಿಯ ತಂಡಗಳಿಗೆ ‘ಘೆ’ ಅರ್ಥವಾಗುತ್ತದಲ್ಲ ಎಂದು ಒಬ್ಬ ಹುಡುಗ ತಕರಾರು ತೆಗೆದ. ಅರ್ಥವಾದರೆ ಆಗಲಿ, ನಮಗೆ ಗುಟ್ಟು ಬೇಕಾಗಿರಲಿಲ್ಲ, ಒಬ್ಬ ಇನ್ನೊಬ್ಬನನ್ನು ಕೂಗುವುದು ಬೇಕಾಗಿತ್ತು.

ಐದನೇ ಭೇಟಿಯಲ್ಲಿ ಕಠಿಣವಾದ ಪ್ರಶ್ನೆ ಬಂತು: ಕೊನೆಗೆ ಚೆಂಡು ಯಾರದು? ಹನ್ನೊಂದನೆಯವನು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಪಂದ್ಯಗಳ ವಿಡಿಯೊಗಳನ್ನು ತಪ್ಪದೆ ನೋಡುವವನು. ಮಯಾಮಿ ಹೀಟ್ ತಂಡದಲ್ಲಿ ಲೆಬ್ರಾನ್ ಜೇಮ್ಸ್ ಮತ್ತು ಡ್ವೇನ್ ವೇಡ್ 2010ರಲ್ಲಿ ಒಟ್ಟಾದ ಕಥೆಯನ್ನು ಅವನೇ ತೆಗೆದ. ಇಬ್ಬರೂ ಚೆಂಡು ಹಿಡಿದೇ ಆಡಿ ಬೆಳೆದವರು. ಮೊದಲ 17 ಪಂದ್ಯಗಳಲ್ಲಿ 9 ಗೆದ್ದು 8 ಸೋತರು, 2011ರ ಫೈನಲ್‌ನಲ್ಲಿ ಡಲ್ಲಾಸ್ ಎದುರು 4–2ರಿಂದ ಸೋತರು. ಆಮೇಲೆ ತಂಡವನ್ನು ನೀನೇ ಮುನ್ನಡೆಸು ಎಂದು ವೇಡ್ ತಾನಾಗಿ ಬಿಟ್ಟುಕೊಟ್ಟ, ಚೆಂಡಿಲ್ಲದೆ ರಿಂಗಿನ ಕಡೆ ಓಡುವ ಆಟವನ್ನು ಹೆಚ್ಚಿಸಿಕೊಂಡ. 2012 ಮತ್ತು 2013ರಲ್ಲಿ ಪ್ರಶಸ್ತಿ ಬಂತು. ಏಳನೆಯವನು ಬಿಡಲಿಲ್ಲ: “ಶಾಕ್, ಕೋಬಿ ಬಿಟ್ಟುಕೊಡದೇನೇ ಮೂರು ಸಲ ಗೆದ್ರಲ್ಲ?” ಅದೂ ನಿಜ. ಶಾಕ್ ಎಂಬ ಶಾಕೀಲ್ ಓನೀಲ್, ಕೋಬಿ ಬ್ರಯಾಂಟ್ ಇಬ್ಬರೂ ಆಡಿದ ಲೇಕರ್ಸ್ ತಂಡ 2000ದಿಂದ 2002ರವರೆಗೆ ಸತತ ಮೂರು ಸಲ ಗೆದ್ದಿತು, ಮನಸ್ತಾಪ ಮಾತ್ರ ಒಳಗೇ ಬೆಳೆದು 2004ರಲ್ಲಿ ಶಾಕ್ ತಂಡ ಬಿಟ್ಟ. ಸ್ನೇಹವಿಲ್ಲದೆಯೂ ಗೆಲ್ಲಬಹುದು, ಆದರೆ ಯಾರ ಕೆಲಸ ಯಾವುದು ಎಂಬ ಒಪ್ಪಂದವಿಲ್ಲದೆ ಬಹಳ ದಿನ ಒಟ್ಟಿಗೆ ಆಡಲಾಗದು ಎಂದು ನಾನು ಹೇಳಿದೆ. ಆಗ ಹನ್ನೊಂದನೆಯವನು ತನ್ನ ಮಾವ ಎಳೆಯುವ ರಂಪಣಿ ಬಲೆಯ ಮಾತು ಎತ್ತಿದ. ದಡದ ಮೇಲೆ ಎರಡು ಗುಂಪಾಗಿ ನಿಂತು ಎರಡು ತುದಿಯ ಹಗ್ಗ ಎಳೆಯುವಾಗ, ಹುರುಪು ಹೆಚ್ಚಾಗಿ ಒಂದು ಕಡೆಯವರು ಬೇಗ ಎಳೆದರೆ ಬಲೆ ವಾರೆಯಾಗಿ ಮೀನು ತಪ್ಪಿಸಿಕೊಳ್ಳುತ್ತದೆ, ಆಗ ಬೈಸಿಕೊಳ್ಳುವವರು ಜೋರಾಗಿ ಎಳೆದವರೇ ಎಂದ. ಏಳನೆಯವನು ರಂಪಣಿ ಎಳೆಯುವುದನ್ನು ಕಂಡವನಲ್ಲ. ಹಗ್ಗ ಎಷ್ಟು ಉದ್ದ, ಎಷ್ಟು ಜನ ಬೇಕು, ಯಾರು ಕೂಗಿ ಹೇಳುತ್ತಾರೆ ಎಂದು ಒಂದೊಂದಾಗಿ ಕೇಳಿದ. ನಾನು ನಡುವೆ ಬಾಯಿ ಹಾಕಲಿಲ್ಲ.

ಒಪ್ಪಂದವನ್ನು ಅವರೇ ಬರೆದರು. ಚೆಂಡನ್ನು ಮುಂದೆ ತರುವವನು ಏಳನೆಯವನು. ಅವನ ಮೇಲೆ ಇಬ್ಬರು ಬಿದ್ದ ಕ್ಷಣ ಹನ್ನೊಂದನೆಯವನು ರಿಂಗಿನೆದುರಿನ ಫ್ರೀ ಥ್ರೋ ಗೆರೆಯ ಮೂಲೆಗೆ ಬರಬೇಕು, ಚೆಂಡು ಅವನಿಗೆ ಹೋಗಲೇಬೇಕು. ರಿಬೌಂಡ್ ಹಿಡಿದವನು ತಾನೇ ಓಡಬಹುದು, ಇನ್ನೊಬ್ಬ ಬೇರೆ ಬದಿಯಿಂದ ಓಡಬೇಕು. ಕೊನೆಯ ಎರಡು ನಿಮಿಷದಲ್ಲಿ ಅಂದು ಯಾರ ಕೈ ಕುದುರಿದೆಯೋ ಅವನಿಗೆ. ಅದನ್ನು ಹೇಳುವವರು ನಿರ್ದೇಶಕರು, ಅವರ ಮಾತಿಗೆ ಎದುರಾಡುವಂತಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಹುಡುಗರಿಗೆ ಹೇಳಿದ್ದಕ್ಕಿಂತ ಹಿರಿಯರಿಗೆ ಹೇಳಿದ್ದೇ ಹೆಚ್ಚು. ಇವರನ್ನು ಬಲವಂತದಿಂದ ಗೆಳೆಯರನ್ನಾಗಿ ಮಾಡಲು ಹೋಗಬೇಡಿ, ಒಂದೇ ರೂಮಿನಲ್ಲಿ ಇಡಬೇಡಿ, ಒಬ್ಬನೆದುರು ಇನ್ನೊಬ್ಬನನ್ನು ಹೊಗಳಿ ಹುರುಪು ಹುಟ್ಟಿಸುವ ಅಭ್ಯಾಸವನ್ನು ಇಂದೇ ಬಿಡಿ ಎಂದು ನಿರ್ದೇಶಕರನ್ನು ಕೇಳಿಕೊಂಡೆ. ನಾಯಕತ್ವವನ್ನು ಆ ವರ್ಷ ಮೂರನೆಯ ಹುಡುಗನಿಗೆ ಕೊಡುವುದು ಒಳ್ಳೆಯದೆಂದೂ ಹೇಳಿದೆ. ಅವರು ಎರಡು ದಿನ ಯೋಚಿಸಿ ಒಪ್ಪಿದರು. ಏಳನೆಯವನ ತಂದೆ ಒಂದು ಸಲ ಬಂದಿದ್ದರು. ಪಂದ್ಯದ ದಿನ ಸಂಜೆ ಮಗನಿಗೆ ಫೋನು ಮಾಡಿ ಮೊದಲು ಏನು ಕೇಳುತ್ತೀರಿ ಎಂದು ವಿಚಾರಿಸಿದೆ. “ಎಷ್ಟು ಹೊಡೆದೆ ತಮಾ ಅಂತ ಕೇಳ್ತೆ,” ಎಂದರು. ಆ ಪ್ರಶ್ನೆಯನ್ನು ಬಿಟ್ಟು ಆಟ ಹೇಗಾಯಿತು ಎಂದು ಕೇಳಿ, ಅವನು ಹೇಳಿದಷ್ಟನ್ನು ಕೇಳಿಸಿಕೊಳ್ಳಿ ಎಂದೆ. ಮಗನಿಗೆ ಆಟದ ಮೇಲಿರುವ ಆಸೆಯನ್ನು ಅವನ ಬಾಯಿಂದಲೇ ಅವರು ಕೇಳಬೇಕಾಗಿತ್ತು. ಆ ಮಾತನ್ನು ಮಗನ ಪರವಾಗಿ ನಾನು ಆಡಲಿಲ್ಲ. ಮುಂದಿನ ತಿಂಗಳು ಅವನೇ ಆಡಿದ.

ಪಂದ್ಯಾವಳಿಯಲ್ಲಿ ತಂಡ ಸೆಮಿಫೈನಲ್‌ವರೆಗೆ ಹೋಗಿ ನಾಲ್ಕು ಪಾಯಿಂಟಿನಿಂದ ಸೋತಿತು. ಮೂರನೇ ಕ್ವಾರ್ಟರಿನಲ್ಲಿ ಹಳೆಯ ಚಾಳಿ ಸ್ವಲ್ಪ ಹೊತ್ತು ಮರುಕಳಿಸಿತು, ಏಳನೆಯವನು ಸತತ ಮೂರು ಸಲ ಒಬ್ಬನೇ ನುಗ್ಗಿ ಚೆಂಡು ಕಳೆದುಕೊಂಡ ಎಂದು ನಿರ್ದೇಶಕರು ತಿಳಿಸಿದರು. ನಾಲ್ಕನೇ ಸಲ ಹನ್ನೊಂದನೆಯವನು ಸೊಂಟಕ್ಕೆ ಕೈ ಹಚ್ಚಿ ನಿಲ್ಲದೆ, ಕೂಗುತ್ತ ಫ್ರೀ ಥ್ರೋ ಗೆರೆಯ ಮೂಲೆಗೆ ಬಂದನಂತೆ, ಪಾಸ್ ಬಂತಂತೆ. ವಿಶ್ವವಿದ್ಯಾಲಯದ ಆಯ್ಕೆ ಶಿಬಿರಕ್ಕೆ ಇಬ್ಬರಿಗೂ ಕರೆ ಬಂತು.

ಏಳನೇ ಭೇಟಿಗೆ ಪ್ರಕರಣವನ್ನು ಮುಗಿಸಿದೆ. ಇಬ್ಬರೂ ಈಗಲೂ ಬಸ್ಸಿನಲ್ಲಿ ಬೇರೆಬೇರೆ ಸೀಟಿನಲ್ಲಿಯೇ ಕೂರುತ್ತಾರೆ, ‘ಅಣ್ಣ’ ಎಂಬ ಕರೆ ಮರಳಿ ಬಂದಿಲ್ಲ, ಅದನ್ನು ನಾನು ಕೇಳಲೂ ಇಲ್ಲ. ಕೊನೆಯ ದಿನ ಆ ನೋಟ್‌ಪುಸ್ತಕವನ್ನು ತಂದಿದ್ದರು. ಮೊದಲ ಪುಟಗಳಲ್ಲಿ ಜೂನಿಯರ್ ಹುಡುಗನ ಅಕ್ಷರ, ಆಮೇಲೆ ಅಲ್ಲಲ್ಲಿ ಏಳನೆಯವನ ಅಕ್ಷರ. ಆ ಹುಡುಗನ ಕಣ್ಣು ತಪ್ಪಿದ್ದ ಹನ್ನೊಂದನೆಯವನ ಸ್ಕ್ರೀನುಗಳನ್ನು ಅವನು ನೆನಪಿಟ್ಟುಕೊಂಡು, ಪಂದ್ಯ ಮುಗಿದ ಮೇಲೆ ಕೂತು ಸೇರಿಸಿದ್ದ.