ಮಿಷಿನ್ನೂ ಸುಳ್ಳಲ್ಲ, ನಿಮ್ಮ ಕಸಬರಿಗೆಯೂ ಸುಳ್ಳಲ್ಲ

ಗಿಣಗೇರಾದಿಂದ ಆಚೆ, ಮೂಡಲ ಕಡೆಯ ಒಂದು ಹಳ್ಳಿಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಮನೆಯವರು ಅಲ್ಲೇ ಒಂದು ಫ್ಯಾಕ್ಟರಿಗೆ ದುಡಿಯಲು ಹೋಗುತ್ತಾರಂತೆ. ದಿನಾ ಬೆಳಿಗ್ಗೆ ಮಾಳಿಗೆ ಗುಡಿಸಿದರೆ ಕರಿಧೂಳು ಬುಟ್ಟಿಗಟ್ಟಲೆ ಬರುತ್ತದೆ, ಒಣಗಲು ಹಾಕಿದ ಶಾವಿಗೆ ಸಂಜೆಯೊಳಗೆ ಬೂದು ಬಣ್ಣಕ್ಕೆ ತಿರುಗುತ್ತದೆ, ಅತ್ತೆಗೆ ದಮ್ಮು ಜಾಸ್ತಿಯಾಗಿದೆ. ಆದರೆ ಮಗ ಮೊಬೈಲ್ ತೆಗೆದು ತೋರಿಸಿದರೆ ಕೊಪ್ಪಳದ ಗಾಳಿ ಹಸಿರು ಬಣ್ಣದಲ್ಲಿದೆ, ‘ತೃಪ್ತಿಕರ’ ಅಂತಿದೆ. ‘ಮಿಷಿನ್ ಸುಳ್ಳು ಹೇಳುತ್ತಿದೆಯೋ, ನನ್ನ ಕಸಬರಿಗೆ ಸುಳ್ಳು ಹೇಳುತ್ತಿದೆಯೋ, ನೀವೇ ಹೇಳಿ’ ಎಂದು ಕೇಳಿದ್ದಾರೆ.

ಅಕ್ಕಾವ್ರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೇರವಾಗಿ ಹೇಳುತ್ತೇನೆ, ಎರಡೂ ಸುಳ್ಳಲ್ಲ. ಮಿಷಿನ್ ಒಂದು ಕಡೆ ಕೂತು ಒಂದು ಬಗೆಯ ಧೂಳನ್ನು ಅಳೆಯುತ್ತಿದೆ. ನಿಮ್ಮ ಕಸಬರಿಗೆ ಇನ್ನೊಂದು ಕಡೆ ಇನ್ನೊಂದು ಬಗೆಯ ಧೂಳನ್ನು ಗುಡಿಸುತ್ತಿದೆ. ಮಿಷಿನ್ನಿನ ಅಂಕಿಯನ್ನು ತಂದು ನಿಮ್ಮೂರಿಗೆ ಹಚ್ಚಿ ‘ಎಲ್ಲ ಸರಿ ಇದೆ’ ಅಂದರೆ ಮಾತ್ರ ಅದು ತಪ್ಪು.

ಮೊದಲು ಆ ಮಿಷಿನ್ ಎಲ್ಲಿದೆ ನೋಡಿ. ಗಾಳಿಯನ್ನು ದಿನವಿಡೀ ತಾನೇ ಅಳೆಯುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಯಂತ್ರ ಇರುವುದು ಕೊಪ್ಪಳ ಪೇಟೆಯಲ್ಲಿ, ದಿವಟರ ನಗರದಲ್ಲಿ. ಫ್ಯಾಕ್ಟರಿಗಳ ಸಾಲು ಅದರ ಮೂಡಲಕ್ಕೆ, ಹೊಸಪೇಟೆ ರಸ್ತೆಯ ಗಿಣಗೇರಾ ಸುತ್ತಮುತ್ತ. ನಿಮ್ಮೂರು ಅದಕ್ಕೂ ಆಚೆ. ಕಾರಹುಣ್ಣಿಮೆ ಹೊತ್ತಿಗೆ ನಮ್ಮಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಪಡುವಣದಿಂದ ಬೀಸುವ ಆ ಗಾಳಿ ಮೊದಲು ಕೊಪ್ಪಳ ದಾಟುತ್ತದೆ, ಆಮೇಲೆ ಚಿಮಣಿಗಳನ್ನು ಮುಟ್ಟುತ್ತದೆ, ಕೊನೆಗೆ ನಿಮ್ಮ ಮಾಳಿಗೆಗೆ ಬರುತ್ತದೆ. ಆ ದಿನಗಳಲ್ಲಿ ಚಿಮಣಿಯ ಹೊಗೆ ಆ ಯಂತ್ರದ ಹತ್ತಿರ ಹೋಗುವುದೇ ಕಡಿಮೆ. ಚಳಿಗಾಲದಲ್ಲಿ ಗಾಳಿ ತಿರುಗುತ್ತದೆ, ಮೂಡಲದಿಂದ ಬರುತ್ತದೆ. ಆಗ ಪೇಟೆಯವರಿಗೂ ಪಾಲು ಸಿಗುತ್ತದೆ. ಇನ್ನೊಂದು ಮಾತು, ಮಗನ ಮೊಬೈಲ್‌ನಲ್ಲಿರುವ ಆಪ್ ಯಾವುದು ಅಂತಲೂ ನೋಡಿ. ಕೆಲವು ಆಪ್‌ಗಳು ಯಂತ್ರದ ಅಂಕಿ ತೋರಿಸುವುದೇ ಇಲ್ಲ, ಲೆಕ್ಕಾಚಾರ ಹಾಕಿದ ಅಂದಾಜನ್ನು ತೋರಿಸುತ್ತವೆ.

ಎರಡನೆಯದು ಧೂಳಿನ ಗಾತ್ರ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ಗಂಟು ಇಲ್ಲೇ ಇದೆ. ಪಿಎಂ 10 ಅಂದರೆ 10 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಕಣ, ಪಿಎಂ 2.5 ಅದಕ್ಕಿಂತಲೂ ನವಿರು. ನಮ್ಮ ತಲೆಗೂದಲೇ 50ರಿಂದ 70 ಮೈಕ್ರಾನ್ ದಪ್ಪ ಇರುತ್ತದೆ. ಯಂತ್ರದ ಬಾಯಿ ದೊಡ್ಡ ಕಣಗಳನ್ನು ಹೊರಗೇ ತಡೆದು, ಈ ಸಣ್ಣ ಕಣಗಳನ್ನಷ್ಟೇ ಒಳಗೆ ಬಿಡುತ್ತದೆ. ನಿಮ್ಮ ಮಾಳಿಗೆಯ ಕರಿಧೂಳಿನಲ್ಲಿ ಹೆಚ್ಚಿನದು ದೊಡ್ಡ ಕಣ, ತನ್ನ ಭಾರಕ್ಕೆ ತಾನೇ ಕೆಳಗೆ ಬಿದ್ದದ್ದು. ಅದು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಹಿಂದೆ ಹೀಗಿರಲಿಲ್ಲ. 1994ರ ರಾಷ್ಟ್ರೀಯ ಮಾನಕದಲ್ಲಿ ಗಾಳಿಯಲ್ಲಿ ತೇಲುವ ಒಟ್ಟು ಧೂಳಿಗೂ ಮಿತಿ ಇತ್ತು. 24 ಗಂಟೆಯ ಸರಾಸರಿ, ಒಂದು ಘನ ಮೀಟರ್ ಗಾಳಿಗೆ, ಜನವಸತಿಯಲ್ಲಿ 200 ಮೈಕ್ರೋಗ್ರಾಂ, ಕೈಗಾರಿಕಾ ಪ್ರದೇಶದಲ್ಲಿ 500. ಅಂದರೆ ಫ್ಯಾಕ್ಟರಿ ಪಕ್ಕದವರು ಎರಡೂವರೆ ಪಟ್ಟು ಧೂಳು ಕುಡಿಯಬಹುದು ಅಂತ ಕಾಗದದಲ್ಲೇ ಬರೆದಿತ್ತು. ನವೆಂಬರ್ 2009ರಲ್ಲಿ ಹೊಸ ಮಾನಕ ಬಂತು. ಅದರಲ್ಲಿ 12 ಮಾಲಿನ್ಯಕಾರಕಗಳಿವೆ, ಕೈಗಾರಿಕೆಗೂ ಮನೆಗೂ ಒಂದೇ ಮಿತಿ. ಇದು ನಿಜಕ್ಕೂ ಒಳ್ಳೆಯ ಕೆಲಸ. ‘ಇದು ಇಂಡಸ್ಟ್ರಿಯಲ್ ಏರಿಯಾ, ಸ್ವಲ್ಪ ಸಹಿಸಿಕೊಳ್ಳಿ’ ಅಂತ ಯಾರಾದರೂ ನಿಮಗೆ ಹೇಳಿದರೆ, ಮಾನಕದಲ್ಲಿ ಹಾಗಿಲ್ಲ ಅಂತ ಧೈರ್ಯವಾಗಿ ಹೇಳಿ. ಪಿಎಂ 10 ದಿನಕ್ಕೆ 100, ವರ್ಷದ ಸರಾಸರಿ 60. ಪಿಎಂ 2.5 ದಿನಕ್ಕೆ 60, ವರ್ಷಕ್ಕೆ 40. ನಿಮಗೂ ಅಷ್ಟೇ, ಬೆಂಗಳೂರಿಗೂ ಅಷ್ಟೇ.

ಆದರೆ ಅದೇ ಹೊತ್ತಿಗೆ ಒಟ್ಟು ಧೂಳಿನ ಮಿತಿಯನ್ನು ಕೈಬಿಟ್ಟರು. ನವಿರು ಕಣ ಪುಪ್ಪುಸದ ಆಳಕ್ಕೆ ಇಳಿಯುತ್ತದೆ, ದೊಡ್ಡದು ಮೂಗು ಗಂಟಲಲ್ಲೇ ನಿಲ್ಲುತ್ತದೆ, ಹಾಗಾಗಿ ಆರೋಗ್ಯದ ದೃಷ್ಟಿಯಿಂದ ಸಣ್ಣದರ ಮೇಲೆ ಕಣ್ಣಿಡುವುದು ಸರಿಯೇ. ಆದರೆ ಹತ್ತಿಯ ಮೇಲೆ, ಮೇವಿನ ಮೇಲೆ, ಶಾವಿಗೆಯ ಮೇಲೆ ಬೀಳುವ ಧೂಳಿಗೆ ಈ ಮಾನಕದಲ್ಲಿ ಜಾಗವೇ ಇಲ್ಲದಂತಾಯಿತು. ರೈತರ ನಷ್ಟ ಅಂಕಿಯಲ್ಲಿ ಕಾಣದೆ ಹೋಗುವುದು ಹೀಗೆ. ನನಗೆ ಇದು ದೊಡ್ಡ ಕೊರತೆ ಅನಿಸುತ್ತದೆ.

ಇನ್ನು ಸರಾಸರಿಯ ವಿಷಯ. ರಾತ್ರಿ ಹನ್ನೊಂದರ ಮೇಲೆ ಹೊಗೆ ದಟ್ಟವಾಗುತ್ತದೆ ಅಂತ ಬರೆದಿದ್ದೀರಿ. ಒಂದು ಲೆಕ್ಕ ಹಾಕೋಣ. ದಿನದ 18 ಗಂಟೆ ಪಿಎಂ 10 ಪ್ರಮಾಣ 60 ಇತ್ತು, ರಾತ್ರಿಯ 6 ಗಂಟೆ 220ಕ್ಕೆ ಏರಿತು ಅನ್ನಿ. 24 ಗಂಟೆಯ ಸರಾಸರಿ ಸರಿಯಾಗಿ 100. ಮಿತಿ ದಾಟಲಿಲ್ಲ! ಕಾಗದದ ಪ್ರಕಾರ ಆ ದಿನ ಚೆನ್ನಾಗಿತ್ತು. ಅತ್ತೆ ಮಾತ್ರ ಆ ಆರು ಗಂಟೆ ಎದ್ದು ಕೂತು ಉಸಿರಿಗೆ ಒದ್ದಾಡಿದ್ದಾರೆ. ಸರಕಾರಿ ವಾಯು ಗುಣಮಟ್ಟ ಸೂಚ್ಯಂಕವೂ ಧೂಳಿನ ಮಟ್ಟಿಗೆ ಹಿಂದಿನ 24 ಗಂಟೆಯ ಸರಾಸರಿಯಿಂದಲೇ ಬರುತ್ತದೆ. 51ರಿಂದ 100ರವರೆಗೆ ‘ತೃಪ್ತಿಕರ’. ಆ ‘ತೃಪ್ತಿಕರ’ದ ವಿವರಣೆಯಲ್ಲೇ ಉಸಿರಿನ ತೊಂದರೆ ಇರುವಂಥ ಸೂಕ್ಷ್ಮ ಜನರಿಗೆ ಸ್ವಲ್ಪ ಕಷ್ಟ ಆಗಬಹುದು ಅಂತ ಬರೆದಿದೆ. ಹಸಿರು ಬಣ್ಣ ನೋಡಿ ಆ ಸಾಲನ್ನು ಯಾರೂ ಓದುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 10ಕ್ಕೆ ದಿನಕ್ಕೆ 45 ಅಂತ ಹೇಳಿದೆ, ನಮ್ಮದು 100.

ಕೈಯಿಂದ ಅಳೆಯುವ ಕೇಂದ್ರಗಳ ಕಥೆ ಬೇರೆ. ಅಲ್ಲಿ ಸೋಸುವ ಹಾಳೆಯನ್ನು ತೂಕ ಮಾಡಿ ಯಂತ್ರದಲ್ಲಿ ಇಡುತ್ತಾರೆ, ಗಾಳಿ ಎಳೆದ ಮೇಲೆ ಮತ್ತೆ ತೂಕ ಮಾಡುತ್ತಾರೆ. ವರ್ಷದ ಸರಾಸರಿಗೆ ನಿಯಮ ಕೇಳುವುದು ವಾರಕ್ಕೆ ಎರಡು ದಿನದಂತೆ ಕನಿಷ್ಠ 104 ದಿನ. ಉಳಿದ 261 ದಿನ ಆ ಜಾಗದಲ್ಲಿ ಏನಾಯಿತು ಅಂತ ಬರೆದಿಡುವವರು ಇಲ್ಲ.

ಚಿಮಣಿಗೆ ಬೇರೆಯದೇ ಮಿತಿ ಇದೆ. ಕಲ್ಲಿದ್ದಲು ಬಳಸಿ ಅದಿರನ್ನು ಕಬ್ಬಿಣ ಮಾಡುವ ಸ್ಪಾಂಜ್ ಐರನ್ ಘಟಕದ ಚಿಮಣಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 100 ಮಿಲಿಗ್ರಾಂ ಧೂಳು. ಗಮನಿಸಿ, ಮಿಲಿಗ್ರಾಂ. ನಾವು ಉಸಿರಾಡುವ ಗಾಳಿಯದು ಮೈಕ್ರೋಗ್ರಾಂ, ಸಾವಿರ ಪಟ್ಟು ವ್ಯತ್ಯಾಸ. ಸಭೆಗಳಲ್ಲಿ ‘ನಮ್ಮದು ನೂರರ ಒಳಗೇ ಇದೆ’ ಅಂತ ಯಾರಾದರೂ ಹೇಳಿದರೆ ಯಾವ ನೂರು ಅಂತ ಕೇಳಿ. ಇನ್ನೂ ಒಂದಿದೆ. ಹೊಗೆಯಲ್ಲಿನ ಧೂಳನ್ನು ವಿದ್ಯುತ್ತಿನಿಂದ ಹಿಡಿಯುವ ಇಎಸ್‌ಪಿ ಎಂಬ ಸಾಧನ ನಡೆಯುತ್ತಿದ್ದರೂ, ಕುಲುಮೆಯಲ್ಲಿ ಒತ್ತಡ ಏರಿದಾಗ ಅಥವಾ ಕರೆಂಟ್ ಹೋದಾಗ ತುರ್ತು ಮುಚ್ಚಳ ತೆರೆದು ಹೊಗೆ ಸೀದಾ ಮೇಲೆ ಹೋಗುತ್ತದೆ. ಲಾರಿಯಿಂದ ಉದುರುವ ಅದಿರು, ಬಯಲಲ್ಲಿ ಸುರಿದ ಚಾರ್ (ಕುಲುಮೆಯಿಂದ ಬರುವ ಅರೆಸುಟ್ಟ ಕಲ್ಲಿದ್ದಲು), ಹೊಂಡ ಬಿದ್ದ ರಸ್ತೆಯ ಧೂಳು ಚಿಮಣಿಯ ಮೀಟರಿಗೆ ಸಿಗುವುದೇ ಇಲ್ಲ. ಸಂಡೂರಿನ ಗಣಿ ರಸ್ತೆಗಳ ಪಕ್ಕದವರಿಗೂ, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ ಕಂಡವರಿಗೂ ಈ ಮಾತು ಗೊತ್ತು.

2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಮಾನಕ ಮುಟ್ಟದ ಊರುಗಳ ಪಟ್ಟಿ ಇದೆ. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಅದರಲ್ಲಿಲ್ಲ. ಆ ಪಟ್ಟಿ ಇರುವುದೇ ನಗರಗಳಿಗೆ, ಅಳತೆಯ ಅಂಕಿ ಇದ್ದ ಕಡೆ. ನಿಮ್ಮೂರು ನಗರವೂ ಅಲ್ಲ, ಅಲ್ಲಿ ಅಳೆಯುವವರೂ ಇಲ್ಲ.

ಈಗ ನೀವು ಏನು ಮಾಡಬಹುದು? ಮೊದಲು ಮನೆಯ ಮಾತು. ಮಾಳಿಗೆಯನ್ನು ಒಣ ಕಸಬರಿಗೆಯಿಂದ ಗುಡಿಸಬೇಡಿ, ಅಕ್ಕಾವ್ರೇ. ಬಿದ್ದ ನವಿರು ಧೂಳು ಮತ್ತೆ ಎದ್ದು ನಿಮ್ಮ ಎದೆಗೇ ಹೋಗುತ್ತದೆ. ನೀರು ಚಿಮುಕಿಸಿ ಗುಡಿಸಿ, ಇಲ್ಲ ಒದ್ದೆ ಬಟ್ಟೆಯಿಂದ ಒರೆಸಿ. ಚಳಿಗಾಲದಲ್ಲಿ ಹೊಗೆ ನೆಲದ ಹತ್ತಿರವೇ ಕೂರುತ್ತದೆ, ಬಿಸಿಲು ಏರುವವರೆಗೆ ಅತ್ತೆಯವರನ್ನು ಹೊರಗೆ ಕೂರಿಸಬೇಡಿ. ದಮ್ಮಿನ ಔಷಧಿ ನಿಲ್ಲಿಸಬೇಡಿ.

ಆಮೇಲೆ ಒಂದು ನೋಟ್‌ಬುಕ್ ಇಡಿ. ತಾರೀಖು, ಗಂಟೆ, ಗಾಳಿ ಯಾವ ಕಡೆಯಿಂದ, ಹೊಗೆ ಯಾವ ಬಣ್ಣ, ಅತ್ತೆಗೆ ಎಷ್ಟೊತ್ತಿಗೆ ಉಸಿರು ಕಟ್ಟಿತು. ಮಾಳಿಗೆಯ ಒಂದೇ ಜಾಗದಲ್ಲಿ ಬಿಳಿ ತಟ್ಟೆ ಇಟ್ಟು, ದಿನಾ ಅದೇ ಹೊತ್ತಿಗೆ ಫೋಟೊ ತೆಗೆಯಲು ಮಗನಿಗೆ ಹೇಳಿ. ಇದು ಕೋರ್ಟಿನ ಸಾಕ್ಷಿ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಯಂತ್ರವನ್ನು ಯಾವಾಗ, ಎಲ್ಲಿ ಇಡಬೇಕು ಅಂತ ಕೇಳಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ನಿಮ್ಮ ಹೆಸರಲ್ಲಿ ಅರ್ಜಿ ಬೇಡ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಪಂಚಾಯ್ತಿಯಿಂದಲೇ ಮಂಡಳಿಗೆ ಪತ್ರ ಹೋಗಲಿ. ಫ್ಯಾಕ್ಟರಿ ಸಾಲಿನ ಮೂಡಲಕ್ಕೆ, ಗಾಳಿ ಬಂದು ಬೀಳುವ ಊರಲ್ಲಿ ಯಂತ್ರ ಇಡಿ, ರಾತ್ರಿಯ ಗಂಟೆಗಂಟೆಯ ಅಂಕಿ ಕೊಡಿ ಅಂತ ಕೇಳಿ. ಪರಿಸರ ಅನುಮತಿ ಪಡೆದ ಘಟಕಗಳು ಆರು ತಿಂಗಳಿಗೊಮ್ಮೆ ಷರತ್ತು ಪಾಲನೆಯ ವರದಿ ಕೊಡಬೇಕು, ಅದರಲ್ಲಿ ಸುತ್ತಲಿನ ಗಾಳಿಯ ಅಳತೆಯೂ ಇರುತ್ತದೆ. ಮಾಹಿತಿ ಹಕ್ಕಿನಲ್ಲಿ ಅದನ್ನು ಕೇಳಬಹುದು. ಅರ್ಜಿ ಬರೆಯಲು ನಮ್ಮ ಕಚೇರಿಗೆ ಯಾರನ್ನಾದರೂ ಕಳಿಸಿ, ಕೂತು ಬರೆದುಕೊಡುತ್ತೇವೆ.

ಕೊಪ್ಪಳದ ಯಂತ್ರದ ಗಂಟೆವಾರು ಅಂಕಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಅದನ್ನು ನಾವು ತೆಗೆದಿಡುತ್ತೇವೆ. ದೀಪಾವಳಿ ಹೊತ್ತಿಗೆ ನಿಮ್ಮ ನೋಟ್‌ಬುಕ್ ಕಳಿಸಿ. ನಿಮ್ಮ ತಾರೀಖುಗಳ ಪಕ್ಕದಲ್ಲಿ ಅದರ ತಾರೀಖುಗಳನ್ನಿಟ್ಟು, ನಿಮ್ಮ ಊರಿನ ಹೆಸರೂ ಇಲ್ಲದೆ, ಎರಡು ಪುಟ ಅಚ್ಚು ಹಾಕುತ್ತೇವೆ.