ಸ್ಕೂಲ್ ಡಿಸ್ಟ್ರಿಕ್ಟಿನ ವಿಷನ್ ಪತ್ರ ಮತ್ತು ಅಥ್ಲೆಟಿಕ್ಸ್ ಸುದ್ದಿ: ಯಾವುದನ್ನು ಮೊದಲು ಓದಬೇಕು, ಏನು ಮಾಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಹೊಸದಾಗಿ ಬಂದಿದ್ದೀರಿ. ಮಗ 10ನೇ ಗ್ರೇಡ್, ಮಗಳು 7. ಶಿಕ್ಷಣದಲ್ಲಿ ಬದಲಾವಣೆ ತರುವ ‘ವಿಷನ್’ ಅಂತ ಒಂದು ಇಮೇಲ್, ಅಥ್ಲೆಟಿಕ್ಸ್ ಸುದ್ದಿ ಅಂತ ಇನ್ನೊಂದು ಬಂದಿದೆ. ಇವುಗಳಿಗೆ ನೀವು ಏನಾದರೂ ಮಾಡಬೇಕಾ? ಊರಲ್ಲಿ ಕೋಚಿಂಗ್ ಪಡೆದು ಬ್ಯಾಡ್ಮಿಂಟನ್ ಆಡುತ್ತಿದ್ದ ಮಗನಿಗೆ ಇಲ್ಲಿನ ಸ್ಕೂಲ್ ಟೀಮಿನಲ್ಲಿ ಅವಕಾಶ ಇದೆಯಾ?

ಅಥ್ಲೆಟಿಕ್ಸ್ ಇಮೇಲನ್ನು ಇವತ್ತೇ ಓದಿ, ಯಾಕೆಂದರೆ ಅದರಲ್ಲಿ ಕೊನೆಯ ದಿನಾಂಕಗಳಿರುತ್ತವೆ. ವಿಷನ್ ಪತ್ರಕ್ಕೆ ಅವಸರವಿಲ್ಲ. ನನ್ನನ್ನು ಕೇಳಿದರೆ ಅದರ ಬದಲು ಅದರ ಹಿಂದಿರುವ ದುಡ್ಡಿನ ಲೆಕ್ಕ ಓದುವುದೇ ಮೇಲು.

ಮೊದಲು ಯಾವ ಪತ್ರ ಯಾರಿಂದ ಬಂತು ಅಂತ ನೋಡಿ. ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್ ನಮ್ಮ ಡಿಡಿಪಿಐ ಕಚೇರಿಯ ಹಾಗೆ ಸರ್ಕಾರದ ಒಂದು ಶಾಖೆಯಲ್ಲ. ಅದಕ್ಕೆ ಚುನಾಯಿತ ಬೋರ್ಡ್ ಇದೆ, ಬೋರ್ಡ್ ನೇಮಿಸಿದ ಸೂಪರಿಂಟೆಂಡೆಂಟ್ (ಡಿಸ್ಟ್ರಿಕ್ಟಿನ ಮುಖ್ಯ ಆಡಳಿತಾಧಿಕಾರಿ) ಇರುತ್ತಾರೆ, ಆಸ್ತಿ ತೆರಿಗೆಯಲ್ಲಿ ಅದರದೇ ಪಾಲು ಇದೆ. ಊರಿನ ಗಡಿಗೂ ಅದರ ಗಡಿಗೂ ಸಂಬಂಧವಿಲ್ಲ. ಸನಿವೇಲ್‌ನಲ್ಲಿ ಮನೆ ಎಲ್ಲಿದೆ ಅನ್ನುವುದರ ಮೇಲೆ ಮಗಳು ಸನಿವೇಲ್ ಸ್ಕೂಲ್ ಡಿಸ್ಟ್ರಿಕ್ಟಿನಲ್ಲೋ ಕ್ಯುಪರ್ಟಿನೊ ಯೂನಿಯನ್‌ನಲ್ಲೋ ಇರಬಹುದು, ಮಗ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ. ಸನಿವೇಲ್‌ನ ಒಂದು ಭಾಗ ಸ್ಯಾಂಟಾ ಕ್ಲಾರಾ ಯೂನಿಫೈಡ್‌ಗೆ ಸೇರುತ್ತದೆ, ಅಲ್ಲಿ ಇಬ್ಬರಿಗೂ ಒಂದೇ ಡಿಸ್ಟ್ರಿಕ್ಟ್. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ದಾಟಿ ಆಚೆ ಇರುವ ಫ್ರೀಮಾಂಟ್ ಯೂನಿಫೈಡ್ ಪೂರ್ತಿ ಬೇರೆ. ಹೆಸರು ನೋಡಿ ಅಲ್ಲಿನ ಕ್ಯಾಲೆಂಡರ್ ಇಳಿಸಿಕೊಂಡವರು ಬೇಕಾದಷ್ಟು ಜನ. ಹಾಗಾಗಿ ನಿಮ್ಮ ಇಬ್ಬರು ಮಕ್ಕಳಿಗೆ ಎರಡು ಬೋರ್ಡ್, ಎರಡು ಬಜೆಟ್, ಎರಡು ವಿಷನ್ ಇರುವ ಸಾಧ್ಯತೆಯೇ ಹೆಚ್ಚು.

ವಿಷನ್ ಪತ್ರಗಳಲ್ಲಿ ಸಾಮಾನ್ಯವಾಗಿ ‘ಪೋರ್ಟ್ರೇಟ್ ಆಫ್ ಎ ಗ್ರ್ಯಾಜುಯೇಟ್’ ಅನ್ನುವ ಒಂದು ಚಿತ್ರವಿರುತ್ತದೆ: ವಿಮರ್ಶಾತ್ಮಕ ಯೋಚನೆ, ಸಂವಹನ, ಸಹಕಾರ, ಸಹಾನುಭೂತಿ. ಯಾವ ಡಿಸ್ಟ್ರಿಕ್ಟಿನದು ತೆಗೆದರೂ ಹೆಚ್ಚು ಕಡಿಮೆ ಇವೇ ಪದಗಳು. ಇದನ್ನು ಓದಿ ಶಾಲೆ ಹೇಗೆ ಬದಲಾಗುತ್ತದೆ ಅಂತ ಊಹಿಸುವುದು ಲಗ್ನಪತ್ರಿಕೆ ನೋಡಿ ಊಟದ ಖರ್ಚು ಅಂದಾಜು ಮಾಡಿದ ಹಾಗೆ.

ನಿಜವಾದ ಮಾಹಿತಿ ಸಿಗುವುದು ಎಲ್‌ಕ್ಯಾಪ್‌ನಲ್ಲಿ, ಅಂದರೆ ಲೋಕಲ್ ಕಂಟ್ರೋಲ್ ಅಂಡ್ ಅಕೌಂಟಬಿಲಿಟಿ ಪ್ಲ್ಯಾನ್‌ನಲ್ಲಿ. 2013ರಲ್ಲಿ ಕ್ಯಾಲಿಫೋರ್ನಿಯಾ ಶಾಲೆಗಳಿಗೆ ಹಣ ಹಂಚುವ ಸೂತ್ರವನ್ನೇ ಬದಲಾಯಿಸಿದಾಗ ಇದು ಕಡ್ಡಾಯವಾಯಿತು. ಮೂರು ವರ್ಷದ ಯೋಜನೆ, ಪ್ರತಿ ವರ್ಷ ಪರಿಷ್ಕರಣೆ, ಜುಲೈ 1ರೊಳಗೆ ಬೋರ್ಡ್ ಒಪ್ಪಿಗೆ. ಈಗಿನ ಚಕ್ರ 2024-25ರಿಂದ 2026-27ರವರೆಗೆ. ಡಿಸ್ಟ್ರಿಕ್ಟ್ ವೆಬ್‌ಸೈಟಿನ ಮೊದಲ ಪುಟದಲ್ಲೇ ಅದರ ಲಿಂಕ್ ಇರುತ್ತದೆ. ನೂರಾರು ಪುಟ ನೋಡಿ ಹೆದರಬೇಡಿ. ಮೂರು ಕಡೆ ಮಾತ್ರ ಓದಿದರೆ ಸಾಕು. ಆರಂಭದಲ್ಲಿ ಪೋಷಕರಿಗಾಗಿಯೇ ಬರೆದ ಬಜೆಟ್ ಸಾರಾಂಶ ಇರುತ್ತದೆ: ಒಟ್ಟು ಆದಾಯ ಎಷ್ಟು, ಅದರಲ್ಲಿ ಈ ಯೋಜನೆಗೆ ಎಷ್ಟು. ಆಮೇಲೆ ಪ್ರತಿ ಗುರಿಯ ಕೆಳಗಿನ ಅಳತೆಗಳ ಪಟ್ಟಿ: ಆರಂಭದ ಅಂಕಿ, ಈಗಿನ ಅಂಕಿ, ಮೂರನೇ ವರ್ಷಕ್ಕೆ ಮುಟ್ಟಬೇಕಾದ ಅಂಕಿ. ಕೊನೆಯದಾಗಿ ಹಿಂದಿನ ವರ್ಷ ಖರ್ಚು ಮಾಡುತ್ತೇವೆ ಅಂದದ್ದೆಷ್ಟು, ಮಾಡಿದ್ದೆಷ್ಟು ಅನ್ನುವ ಹೋಲಿಕೆ. ವಿಷನ್ ಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಮಾತಿಗೆ ಎಲ್‌ಕ್ಯಾಪ್‌ನಲ್ಲೂ ಬಜೆಟ್‌ನಲ್ಲೂ ಒಂದು ಸಾಲು, ಒಂದು ಮೊತ್ತ ಸಿಗದಿದ್ದರೆ ಅದು ಸದ್ಯಕ್ಕೆ ಬರೀ ಮಾತು.

ಒಂದು ಅಳತೆ ನಿಮ್ಮ ಮನೆಗೂ ತಾಗುತ್ತದೆ. 180 ದಿನದ ಶಾಲಾವರ್ಷದಲ್ಲಿ ಶೇ. 10, ಅಂದರೆ 18 ದಿನ ತಪ್ಪಿದ ಮಗುವನ್ನು ‘ಕ್ರಾನಿಕ್ ಆಬ್ಸೆಂಟ್’ ಎಂದು ಎಣಿಸುತ್ತಾರೆ, 8ನೇ ಗ್ರೇಡಿನವರೆಗೆ ಶಾಲೆಗಳ ಸಾಧನೆಯನ್ನು ಬಣ್ಣಗಳಲ್ಲಿ ತೋರಿಸುವ ರಾಜ್ಯದ ಡ್ಯಾಶ್‌ಬೋರ್ಡಿನಲ್ಲಿ ಅದು ಶಾಲೆಯ ಬಣ್ಣವನ್ನೇ ಬದಲಾಯಿಸುತ್ತದೆ. ಡಿಸೆಂಬರ್ ರಜೆಗೆ ಎರಡು ವಾರ ಸೇರಿಸಿ ಊರಿಗೆ ಹೋಗುವ ನಮ್ಮವರ ಅಭ್ಯಾಸ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಟಿಕೆಟ್ ಮಾಡಿಸುವ ಮೊದಲೇ ಶಾಲೆಯ ಕಚೇರಿಯಲ್ಲಿ ಅಲ್ಪಾವಧಿ ‘ಇಂಡಿಪೆಂಡೆಂಟ್ ಸ್ಟಡಿ’ ಒಪ್ಪಂದ ಸಿಗುತ್ತದಾ ಕೇಳಿ. ಮಗಳು ಒಪ್ಪಂದದ ಪಾಠಗಳನ್ನು ಮುಗಿಸಿ ಕೊಟ್ಟರೆ ಆ ದಿನಗಳು ಗೈರುಹಾಜರಿ ಆಗುವುದಿಲ್ಲ.

ಕ್ರೀಡೆಯ ದುಡ್ಡನ್ನು ಮಾತ್ರ ಎಲ್‌ಕ್ಯಾಪ್‌ನಲ್ಲಿ ಹುಡುಕಬೇಡಿ, ಅಲ್ಲಿ ಅದು ಸಿಗುವುದು ಅಪರೂಪ. ಕೋಚ್‌ಗಳ ಗೌರವಧನ ಸಾಮಾನ್ಯ ನಿಧಿಯಿಂದ ಬರುತ್ತದೆ; ದರ ಗೊತ್ತಾಗಬೇಕಾದರೆ ಶಿಕ್ಷಕರ ಸಂಘದ ಒಪ್ಪಂದದ ಕೊನೆಯಲ್ಲಿರುವ ಹೆಚ್ಚುವರಿ ಕೆಲಸದ ಪಟ್ಟಿ ತೆಗೆಯಿರಿ. ಹೊಸ ಟರ್ಫ್, ಜಿಮ್, ಫ್ಲಡ್‌ಲೈಟ್ ಬರುವುದು ಸಾಮಾನ್ಯವಾಗಿ ಬಾಂಡ್ ಹಣದಿಂದ, ಅಂದರೆ ಮತದಾರರ ಒಪ್ಪಿಗೆ ಪಡೆದು ಡಿಸ್ಟ್ರಿಕ್ಟ್ ಎತ್ತುವ ಸಾಲದಿಂದ. 2000ದಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರಾಪೊಸಿಷನ್ 39ರ ಪ್ರಕಾರ ಶೇ. 55 ಮತ ಬಿದ್ದರೆ ಶಾಲಾ ಬಾಂಡ್ ಪಾಸಾಗುತ್ತದೆ, ಆದರೆ ಆ ಹಣವನ್ನು ಸಂಬಳಕ್ಕೆ ಮುಟ್ಟುವಂತಿಲ್ಲ. ‘ಮೇಷ್ಟ್ರುಗಳನ್ನು ತೆಗೀತಾ ಇದಾರೆ, ಮೈದಾನಕ್ಕೆ ಮಾತ್ರ ಕೋಟಿಗಟ್ಟಲೆ ಸುರೀತಾರೆ’ ಅಂತ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವರ್ಷಕ್ಕೊಮ್ಮೆ ಏಳುವ ಜಗಳಕ್ಕೆ ಉತ್ತರ ಇದೇ. ಇನ್ನು ಟೀಮುಗಳಿಗೆ ದೇಣಿಗೆ ಎತ್ತುವ ಬೂಸ್ಟರ್ ಕ್ಲಬ್ ಪೋಷಕರ ಪ್ರತ್ಯೇಕ ಸಂಸ್ಥೆ, ಅದರ ಲೆಕ್ಕ ಬೋರ್ಡಿನ ಬಜೆಟ್ಟಿನಲ್ಲಿ ಕಾಣುವುದಿಲ್ಲ. ಹಾಗಂತ ಹುಡುಗರ ಟೀಮಿಗೆ ಬೂಸ್ಟರ್ ದುಡ್ಡಿನಿಂದ ಬಂದ ಸೌಲಭ್ಯ ಹುಡುಗಿಯರಿಗೆ ಇಲ್ಲದೆ ಹೋದರೆ ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ 1972ರ ಟೈಟಲ್ 9 ಕಾನೂನಿನಡಿ ಅದನ್ನು ಸರಿದೂಗಿಸುವ ಹೊಣೆ ಡಿಸ್ಟ್ರಿಕ್ಟಿನದೇ. ಕ್ಯಾಲಿಫೋರ್ನಿಯಾದ ಶಾಲೆಗಳು ಹುಡುಗ-ಹುಡುಗಿಯರ ದಾಖಲಾತಿ, ಆಡುವವರ ಸಂಖ್ಯೆ, ಟೀಮುಗಳ ಸಂಖ್ಯೆಯನ್ನು ಪ್ರತಿ ವರ್ಷ ಪ್ರಕಟಿಸಬೇಕು. ಮಗಳು ಹೈಸ್ಕೂಲಿಗೆ ಹೋಗುವ ಮೊದಲು ಅದನ್ನೊಮ್ಮೆ ನೋಡಿ.

ವೀಸಾದಲ್ಲಿದ್ದೇವೆ, ಮತ ಇಲ್ಲ, ನಮ್ಮ ಮಾತು ಯಾರು ಕೇಳ್ತಾರೆ ಅಂದುಕೊಳ್ಳಬೇಡಿ. ಬೋರ್ಡ್ ಸಭೆಯಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ. ಇಂಥ ಸಭೆಗಳು ಸಾರ್ವಜನಿಕರಿಗೆ ಮುಕ್ತವಾಗಿರಬೇಕು ಅನ್ನುವ ಬ್ರೌನ್ ಕಾಯ್ದೆಯ ಪ್ರಕಾರ ಸಾಮಾನ್ಯ ಸಭೆಯ ಅಜೆಂಡಾ 72 ಗಂಟೆ ಮೊದಲು ಪ್ರಕಟವಾಗಬೇಕು. ಹೆಚ್ಚಿನ ಬೋರ್ಡುಗಳು ಒಬ್ಬರಿಗೆ 3 ನಿಮಿಷ ಕೊಡುತ್ತವೆ, ಭಾಷಾಂತರಕಾರರ ಮೂಲಕ ಮಾತಾಡುವವರಿಗೆ ಎರಡರಷ್ಟು ಸಮಯ ಕೊಡಬೇಕು ಅಂತ ಕಾನೂನೇ ಇದೆ. ಮನೆಯಲ್ಲಿರುವ ಅಜ್ಜಿ ಕನ್ನಡದಲ್ಲೇ ಮಾತಾಡಬಹುದು. ಎಲ್‌ಕ್ಯಾಪ್ ಬಗ್ಗೆ ಹೇಳುವುದಿದ್ದರೆ ಒಪ್ಪಿಗೆಯ ಸಭೆಗೆ ಹೋಗಿ ಪ್ರಯೋಜನವಿಲ್ಲ, ಅಷ್ಟು ಹೊತ್ತಿಗೆ ಎಲ್ಲ ತೀರ್ಮಾನವಾಗಿರುತ್ತದೆ. ಅದಕ್ಕೂ ಮೊದಲು ಬೇರೆಯೇ ದಿನ ನಡೆಯುವ ಸಾರ್ವಜನಿಕ ವಿಚಾರಣೆಗೆ ಹೋಗಿ. ಇನ್ನೂ ಒಳ್ಳೆಯದೆಂದರೆ ಫೆಬ್ರವರಿ ಮುಗಿಯುವ ಮೊದಲು ಬೋರ್ಡಿನ ಮುಂದೆ ಬರುವ ಮಧ್ಯಂತರ ವರದಿಯ ದಿನ. ಆಗ ಇನ್ನೂ ಬದಲಾವಣೆಗೆ ಅವಕಾಶವಿರುತ್ತದೆ.

ಈಗ ಮಗನ ವಿಷಯ. ಇಲ್ಲಿನ ಹೈಸ್ಕೂಲ್ ಕ್ರೀಡೆ ಸಿಐಎಫ್ (ಕ್ಯಾಲಿಫೋರ್ನಿಯಾ ಇಂಟರ್‌ಸ್ಕೊಲಾಸ್ಟಿಕ್ ಫೆಡರೇಶನ್) ಎಂಬ ರಾಜ್ಯ ಸಂಸ್ಥೆಯ ನಿಯಮಕ್ಕೆ ಒಳಪಟ್ಟಿದೆ, ಅದರ 10 ವಿಭಾಗಗಳಲ್ಲಿ ನಿಮ್ಮದು ಸೆಂಟ್ರಲ್ ಕೋಸ್ಟ್ ಸೆಕ್ಷನ್. ಬ್ಯಾಡ್ಮಿಂಟನ್ ಎಲ್ಲ ವಿಭಾಗಗಳಲ್ಲೂ ಇಲ್ಲ, ನಿಮ್ಮಲ್ಲಿದೆ, ಸ್ಪ್ರಿಂಗ್ ಸೀಸನ್‌ನಲ್ಲಿ. ಹುಡುಗರು, ಹುಡುಗಿಯರು ಒಂದೇ ಟೀಮ್. ಕ್ರಿಕೆಟ್ ಸಿಐಎಫ್ ಕ್ರೀಡೆಯಲ್ಲ, ಅದಕ್ಕೆ ಹೊರಗಿನ ಕ್ಲಬ್ಬೇ ಗತಿ.

ಕೋಚ್‌ಗಿಂತ ಮೊದಲು ಶಾಲೆಯ ಅಥ್ಲೆಟಿಕ್ ಡೈರೆಕ್ಟರ್‌ಗೆ ಇಮೇಲ್ ಹಾಕಿ, ‘9ನೇ ಗ್ರೇಡ್ ಆದ ಮೇಲೆ ಬೇರೆ ದೇಶದಿಂದ ಬಂದ ವಿದ್ಯಾರ್ಥಿ’ ಅಂತ ಸ್ಪಷ್ಟವಾಗಿ ಬರೆಯಿರಿ. ಸಿಐಎಫ್ ಲೆಕ್ಕದಲ್ಲಿ ಅವನು ವರ್ಗಾವಣೆ ವಿದ್ಯಾರ್ಥಿ. ಇಡೀ ಕುಟುಂಬ ಮನೆ ಬದಲಿಸಿ ಬಂದಿದ್ದರೆ ತೊಂದರೆಯಿಲ್ಲ, ಆದರೆ ಅದಕ್ಕೆ ಕಾಗದ ಬೇಕು: ಬಾಡಿಗೆ ಕರಾರು, ವಿದ್ಯುತ್ ಬಿಲ್, ಹಳೆಯ ಶಾಲೆಯ ದಾಖಲೆ. ಅಪ್ಪ ಅಮ್ಮ ಬೆಂಗಳೂರಿನಲ್ಲೇ ಇದ್ದು ಹುಡುಗ ಚಿಕ್ಕಪ್ಪನ ಮನೆಯಲ್ಲಿದ್ದರೆ ಕಥೆಯೇ ಬೇರೆ, ಆಗ ನಿರ್ಬಂಧ ಬೀಳಬಹುದು. ಆಡುವ ಅರ್ಹತೆಗಾಗಿ ಹಾಕುವ ಅರ್ಜಿಯನ್ನು ಶಾಲೆಯೇ ಸಿಐಎಫ್ ವಿಭಾಗಕ್ಕೆ ಕಳಿಸಬೇಕು, ನೀವು ನೇರವಾಗಿ ಕಳಿಸುವಂತಿಲ್ಲ. ಒಪ್ಪಿಗೆ ಬರುವ ಮೊದಲು ಒಂದು ಪಂದ್ಯ ಆಡಿದರೂ ಟೀಮ್ ಆ ಗೆಲುವನ್ನು ಬಿಟ್ಟುಕೊಡಬೇಕಾಗಬಹುದು. ಕೋಚ್‌ಗಳು ಈ ವಿಷಯದಲ್ಲಿ ಬಿಗಿಯಾಗಿರುವುದು ಅದಕ್ಕೇ.

ಎರಡು ಗಡಿಯಾರಗಳು ಓಡುತ್ತಿರುತ್ತವೆ. ಮೊದಲ ಬಾರಿ 9ನೇ ತರಗತಿ ಸೇರಿದಾಗಿನಿಂದ ಸತತ 8 ಸೆಮಿಸ್ಟರ್ ಮಾತ್ರ ಅರ್ಹತೆ. ಬೆಂಗಳೂರಿನಲ್ಲಿ 9 ಮುಗಿಸಿದ ಹುಡುಗನನ್ನು ‘ಇಂಗ್ಲಿಷ್ ಸುಧಾರಿಸಲಿ’ ಅಂತ ಇಲ್ಲಿ ಮತ್ತೆ 9ಕ್ಕೆ ಹಾಕಿಸಿದರೆ 12ನೇ ಗ್ರೇಡಿನಲ್ಲಿ ಆಟ ತಪ್ಪುವ ಅಪಾಯವಿದೆ. ಹಾಗೆಯೇ ಜೂನ್ 15ಕ್ಕೆ ಮೊದಲು 19 ತುಂಬಿದವರು ಮುಂದಿನ ಶಾಲಾವರ್ಷ ಆಡುವಂತಿಲ್ಲ.

ಓದಿನ ಕಡೆಯಿಂದ, ಹಿಂದಿನ ಗ್ರೇಡಿಂಗ್ ಅವಧಿಯಲ್ಲಿ 4.0ಕ್ಕೆ ಕನಿಷ್ಠ 2.0 ಸರಾಸರಿ ಇರಬೇಕು, 20 ಕ್ರೆಡಿಟ್‌ನಷ್ಟು ವಿಷಯಗಳಲ್ಲಿ ಪಾಸಾಗುತ್ತಿರಬೇಕು. ಹೊಸದಾಗಿ ಬಂದವರಿಗೆ ಇಲ್ಲಿನ ಗ್ರೇಡ್ ಇರುವುದಿಲ್ಲವಲ್ಲ, ಆದ್ದರಿಂದ ಹಳೆಯ ಮಾರ್ಕ್ಸ್‌ಕಾರ್ಡನ್ನು ರಿಜಿಸ್ಟ್ರಾರ್ ಬಳಿ ಕೊಟ್ಟು ಕ್ರೆಡಿಟ್‌ಗೆ ಪರಿವರ್ತಿಸಿಕೊಳ್ಳಿ. ಇದಕ್ಕೆ ವಾರಗಳೇ ಹಿಡಿಯಬಹುದು. ನವೆಂಬರ್‌ನಲ್ಲೇ ಶುರು ಮಾಡಿದರೆ ಸ್ಪ್ರಿಂಗ್‌ಗೆ ನಿರಾಳ.

ಆಮೇಲೆ ಆನ್‌ಲೈನ್ ಕ್ಲಿಯರೆನ್ಸ್, ಅಂದರೆ ಆಡಲು ಬೇಕಾದ ಕಾಗದಪತ್ರಗಳಿಗೆ ಶಾಲೆಯ ಒಪ್ಪಿಗೆ. ಬಹಳಷ್ಟು ಶಾಲೆಗಳು ಹೋಮ್ ಕ್ಯಾಂಪಸ್ ಎಂಬ ತಾಣ ಬಳಸುತ್ತವೆ. ಆರೋಗ್ಯ ವಿಮೆಯ ವಿವರ, ತಲೆಪೆಟ್ಟಿನ ಮಾಹಿತಿ ಪತ್ರ, ಹಠಾತ್ ಹೃದಯಸ್ತಂಭನದ ಮಾಹಿತಿ ಪತ್ರ, ಎಲ್ಲಕ್ಕೂ ಮಗ ಮತ್ತು ನೀವು ಇಬ್ಬರೂ ಸಹಿ ಹಾಕಬೇಕು. ವೈದ್ಯಕೀಯ ತಪಾಸಣೆ ವರ್ಷಕ್ಕೊಮ್ಮೆ, ಅದೂ ಡಿಸ್ಟ್ರಿಕ್ಟಿನ ಫಾರ್ಮಿನಲ್ಲೇ. ಊರಿನ ಡಾಕ್ಟರ ಲೆಟರ್‌ಹೆಡ್ಡಿನ ಫಿಟ್‌ನೆಸ್ ಸರ್ಟಿಫಿಕೇಟ್ ಆ ಫಾರ್ಮಿಗೆ ಬದಲಿಯಲ್ಲ. ವಿಮೆಯಲ್ಲಿ ಮಕ್ಕಳ ವಾರ್ಷಿಕ ತಪಾಸಣೆ ಉಚಿತವಾಗಿದ್ದರೆ ಅದೇ ಭೇಟಿಗೆ ಫಾರ್ಮ್ ಒಯ್ಯಿರಿ. ಅಪಾಯಿಂಟ್‌ಮೆಂಟ್ ತಡವಾದರೆ ಔಷಧಿ ಅಂಗಡಿಗಳ ಒಳಗಿನ ಕ್ಲಿನಿಕ್‌ಗಳಲ್ಲಿ ದುಡ್ಡು ಕೊಟ್ಟು ಮಾಡಿಸಬಹುದು. ಜನ ಎಡವುವುದು ಅವಧಿಯಲ್ಲಿ: ಹಿಂದಿನ ಮಾರ್ಚ್‌ನಲ್ಲಿ ಮಾಡಿಸಿದ ತಪಾಸಣೆ ಸೀಸನ್ ನಡುವೆಯೇ ಮುಗಿದು ಹುಡುಗ ಒಂದು ವಾರ ಬೆಂಚಿನಲ್ಲಿ ಕೂರುತ್ತಾನೆ.

ಆಯ್ಕೆಯ ಬಗ್ಗೆ ನೇರವಾಗಿ ಹೇಳುವುದಾದರೆ, ನಿಮ್ಮ ಸುತ್ತಿನ ಶಾಲೆಗಳಲ್ಲಿ ಬ್ಯಾಡ್ಮಿಂಟನ್ ಟ್ರೈಔಟ್ ಕಿಕ್ಕಿರಿದಿರುತ್ತದೆ, ಬಂದವರಲ್ಲಿ ಅಕಾಡೆಮಿಯಲ್ಲಿ ಪಳಗಿದವರೇ ಹೆಚ್ಚು. ಸಿಂಗಲ್ಸ್ ಜಾಗಕ್ಕೇ ಕಣ್ಣು ನೆಟ್ಟು ಕೂರಬೇಡಿ. ಡಬಲ್ಸ್, ಮಿಕ್ಸ್‌ಡ್ ಡಬಲ್ಸ್ ಆಡಬಲ್ಲ ಹುಡುಗನ ಕಡೆ ಕೋಚ್ ಬೇಗ ನೋಡುತ್ತಾರೆ. ಆಯ್ಕೆ ಆಗದಿದ್ದರೆ ಕ್ರಾಸ್ ಕಂಟ್ರಿ, ಟ್ರ್ಯಾಕ್ ಇವೆ. ಅಲ್ಲಿ ಸಾಮಾನ್ಯವಾಗಿ ಯಾರನ್ನೂ ಕೈಬಿಡುವುದಿಲ್ಲ. ಟೀಮಿಗೆ ಸೇರಿದ ಮೇಲೆ ಸೀಸನ್ ಮುಗಿಯುವವರೆಗೆ ಹೊರಗಿನ ಕ್ಲಬ್ ಹೆಸರಿನಲ್ಲಿ ಬ್ಯಾಡ್ಮಿಂಟನ್ ಪಂದ್ಯ ಆಡಬಾರದು. ಕೋಚಿಂಗ್‌ಗೆ ಹೋಗಬಹುದು. ಟೂರ್ನಮೆಂಟ್‌ಗೆ ಹೆಸರು ಕೊಡುವ ಮೊದಲು ಅಥ್ಲೆಟಿಕ್ ಡೈರೆಕ್ಟರನ್ನು ಕೇಳಿ.

ಅಭ್ಯಾಸಕ್ಕೆ ಮಿತಿ ಇದೆ: ದಿನಕ್ಕೆ 4 ಗಂಟೆ, ವಾರಕ್ಕೆ 18. ಪಂದ್ಯದ ದಿನವನ್ನು 3 ಗಂಟೆ ಎಂದು ಎಣಿಸುತ್ತಾರೆ. 2022ರ ಜುಲೈಯಿಂದ ರಾಜ್ಯದ ಹೈಸ್ಕೂಲುಗಳು ಬೆಳಗ್ಗೆ 8:30ಕ್ಕೆ ಮೊದಲು ಶುರುವಾಗುವಂತಿಲ್ಲ, ಹದಿಹರೆಯದವರ ನಿದ್ದೆಗಾಗಿ ಮಾಡಿದ ನಿಯಮ ಅದು. ಹಳ್ಳಿಗಾಡಿನ ಡಿಸ್ಟ್ರಿಕ್ಟುಗಳಿಗೆ ಮಾತ್ರ ವಿನಾಯಿತಿ. ಶೈಕ್ಷಣಿಕ ಬದಲಾವಣೆಗಳಲ್ಲಿ ನನಗೆ ನಿಜಕ್ಕೂ ಅರ್ಥವಿದೆ ಅನ್ನಿಸಿದ್ದು ಇದೊಂದು. ಆದರೆ ಶಾಲೆ ತಡವಾಗಿ ಬಿಡುವುದರಿಂದ ಬೇರೆ ಊರಿನ ಪಂದ್ಯಕ್ಕೆ ಹೊರಡುವವರು ಕೊನೆಯ ಪೀರಿಯಡ್ ತಪ್ಪಿಸಿಕೊಳ್ಳುತ್ತಾರೆ. ವೇಳಾಪಟ್ಟಿ ಮಾಡುವಾಗಲೇ ಶಾಲೆಯ ಕೌನ್ಸೆಲರ್‌ಗೆ ಹೇಳಿ ಗಣಿತ, ಕೆಮಿಸ್ಟ್ರಿ ಕೊನೆಯ ಪೀರಿಯಡ್‌ಗೆ ಬೀಳದ ಹಾಗೆ ನೋಡಿಕೊಳ್ಳಿ.

ದುಡ್ಡು ಕೇಳಿದರೆ? ಶಾಲೆಯ ಕ್ರೀಡೆಗೆ ಶುಲ್ಕ ವಿಧಿಸುವಂತಿಲ್ಲ ಅಂತ 1984ರಲ್ಲೇ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಹಾರ್ಟ್‌ಜೆಲ್ ಪ್ರಕರಣದಲ್ಲಿ ಹೇಳಿದೆ, 2012ರ ಕಾನೂನು ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಟೀಮಿನ ಜೆರ್ಸಿ ಶಾಲೆಯೇ ಕೊಡಬೇಕು. ಇಮೇಲಿನಲ್ಲಿ ಬರುವ ನೂರಿನ್ನೂರು ಡಾಲರಿನ ಕೋರಿಕೆ ದೇಣಿಗೆ ಮಾತ್ರ. ಕೊಡಲು ಆಗುವವರು ಕೊಟ್ಟರೆ ಟೀಮಿಗೆ ಅನುಕೂಲ ನಿಜ, ಕೊಡಲಿಲ್ಲ ಅಂತ ಮಗನನ್ನು ಕೂರಿಸುವಂತಿಲ್ಲ. ಹಾಗೆ ಮಾಡಿದರೆ ಪ್ರಿನ್ಸಿಪಾಲರಿಗೆ ‘ಯೂನಿಫಾರ್ಮ್ ಕಂಪ್ಲೇಂಟ್’ ಕೊಡಿ (ಇದು ಸಮವಸ್ತ್ರದ ದೂರಲ್ಲ, ರಾಜ್ಯದ ಶಾಲೆಗಳಿಗಿರುವ ಏಕರೂಪದ ದೂರಿನ ವಿಧಾನ). ಹೆಸರು ಹಾಕದೆಯೂ ಕೊಡಬಹುದು, 60 ದಿನದೊಳಗೆ ಲಿಖಿತ ತೀರ್ಮಾನ ಬರಬೇಕು.

ತಲೆಗೆ ಪೆಟ್ಟಾದ ಅನುಮಾನ ಬಂದರೆ ಆ ದಿನದ ಆಟ ಅಲ್ಲಿಗೇ ಮುಗಿಯಿತು. ಮತ್ತೆ ಆಡಲು ಪರವಾನಗಿ ಇರುವ ವೈದ್ಯರ ಲಿಖಿತ ಅನುಮತಿ ಬೇಕು. ಕನ್‌ಕಷನ್ (ಪೆಟ್ಟಿನಿಂದ ಮಿದುಳಿಗಾಗುವ ಆಘಾತ) ಎಂದು ಖಚಿತವಾದರೆ ಕನಿಷ್ಠ 7 ದಿನ ಹಂತಹಂತವಾಗಿ ಮರಳಬೇಕು. ಬ್ಯಾಡ್ಮಿಂಟನ್‌ನಲ್ಲಿ ಇದು ಕಡಿಮೆ, ಡಬಲ್ಸ್‌ನಲ್ಲಿ ಜೊತೆಗಾರನ ರ‍್ಯಾಕೆಟ್ ಬಡಿಯುವುದು ಮಾತ್ರ ಉಂಟು.

7ನೇ ಗ್ರೇಡಿನ ಮಗಳಿಗೆ ಈ ಸಿಐಎಫ್ ನಿಯಮಗಳು ಯಾವುವೂ ಇನ್ನೂ ಅನ್ವಯಿಸುವುದಿಲ್ಲ. ಅವಳ ಶಾಲೆಯ ಟೀಮುಗಳಿಗೆ ಬೇರೆ ನಿಯಮ, ಬೇರೆ ಫಾರ್ಮ್. ಮಗನ ಕ್ಲಿಯರೆನ್ಸ್ ಖಾತೆಯಲ್ಲಿ ಅವಳ ಹೆಸರು ಸೇರಿಸಲು ಹೋಗಬೇಡಿ, ಅವಳ ಶಾಲೆಯ ಕಚೇರಿಗೇ ಫೋನ್ ಮಾಡಿ.